ಅಕ್ಕನ ಕಿಡ್ನಿ, ಅಕ್ಕನ ಕಷಾಯ

ನಮ್ಮ ಮನೆಯ ಮೀಟರ್ ಬೋರ್ಡಿನ ಪಕ್ಕದಲ್ಲಿ ಒಂದು ಅಮೃತಬಳ್ಳಿ ಇದೆ. ಗ್ರಿಲ್ ಹಿಡಿದು ಹತ್ತಿ, ಮೊದಲನೇ ಮಹಡಿಯ ಬಾಡಿಗೆಯವರ ಬಾಲ್ಕನಿ ದಾಟಿ, ಈಗ ತಾರಸಿಯ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿದೆ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅಷ್ಟು ಸೊಂಪಾದ ಬಳ್ಳಿ ಇನ್ನೊಂದಿಲ್ಲ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, "ಆಂಟಿ, ಎರಡು ಎಲೆ ಕಿತ್ಕೊಳ್ಲಾ?" ಎಂದು ಕೇಳುತ್ತಾರೆ. ಕಿತ್ಕೊಳ್ಳಿ ಎನ್ನುತ್ತೇನೆ. ಬುಡಸಮೇತ ಕಿತ್ತುಕೊಂಡು ಹೋದರೂ ನಾನು ಬೇಡ ಎನ್ನುವುದಿಲ್ಲ. ಅಕ್ಕ ಬಿಡುವುದಿಲ್ಲ, ಅಷ್ಟೆ.

ಆ ಬಳ್ಳಿ ಅಷ್ಟು ಚೆನ್ನಾಗಿ ಬೆಳೆದದ್ದು ಹೇಗೆ ಎಂದು ಈಗ ನನ್ನೊಬ್ಬಳಿಗೇ ಗೊತ್ತು. ಇನ್ನೊಬ್ಬನಿಗೆ ಗೊತ್ತಿತ್ತು, ಅವನು ಹೋಗಿಬಿಟ್ಟ.

ನಾವು ಮೂವರು. ಅಕ್ಕ, ನಾನು, ತಮ್ಮ. ಅಪ್ಪ ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿ ನಾವಿದ್ದೆವು, ಮೇಲಿನ ಎರಡು ಭಾಗ ಬಾಡಿಗೆಗೆ ಕೊಟ್ಟಿದ್ದೆವು. ಅಮ್ಮ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಮದುವೆಯಾಗಿ ಹೋದವಳು ಭಾವ ತೀರಿಕೊಂಡ ಮೇಲೆ ವಾಪಸ್ಸು ಬಂದು, ಏನೂ ಆಗಿಲ್ಲವೆನ್ನುವಂತೆ ಅದೇ ಅಡುಗೆಮನೆ ಹೊಕ್ಕಳು. ತಮ್ಮ ವಿಜಯನಗರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಹೆಂಗಸರಿಗೆ ಕಲಿಸುವುದರಲ್ಲಿ ಅವನು ಹೆಸರುವಾಸಿ, ಏಕೆಂದರೆ ಯಾರ ಮೇಲೂ ರೇಗುತ್ತಿರಲಿಲ್ಲ. ಮನೆಯ ರೇಗಾಟವನ್ನೆಲ್ಲ ನಾನೊಬ್ಬಳೇ ವಹಿಸಿಕೊಂಡಿದ್ದೆ.

ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ನಾನು ಒಂದು ಸಂಶೋಧನಾ ಲ್ಯಾಬಿನಲ್ಲಿ ಪ್ರೋಟೀನಿನ ಹರಳು ಬೆಳೆಸುವವಳು. ಉಪ್ಪು, ಸಕ್ಕರೆಗೆ ಹರಳು ಇರುವ ಹಾಗೆಯೇ ಪ್ರೋಟೀನನ್ನೂ ಪುಸಲಾಯಿಸಿ ಪುಸಲಾಯಿಸಿ ಹರಳು ಮಾಡಬಹುದು. ಆ ಹರಳಿನ ಮೇಲೆ ಎಕ್ಸ್-ರೇ ಬಿಟ್ಟರೆ ಪ್ರೋಟೀನಿನ ಆಕಾರ ಗೊತ್ತಾಗುತ್ತದೆ. ನೂರಾರು ಹನಿಗಳನ್ನು ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಇಟ್ಟು ತಿಂಗಳುಗಟ್ಟಲೆ ಕಾಯಬೇಕು. ತಟ್ಟೆ ಅಲ್ಲಾಡಬಾರದು, ಪದೇ ಪದೇ ಇಣುಕಬಾರದು. ನಾನು ಹರಳು ಬೆಳೆಸಲು ಹೆಣಗುತ್ತಿದ್ದ ಪ್ರೋಟೀನು ನಮ್ಮೆಲ್ಲರ ಜೀವಕೋಶಗಳ ಹೊರಮೈಯಲ್ಲಿ ಇರುವಂಥದ್ದು. ಕೋಶದೊಳಗಿನ ಒಂದು ಚೂರನ್ನು ಹಿಡಿದು ಹೊರಗೆ ತೋರಿಸುತ್ತದೆ. ಕಾವಲು ತಿರುಗುವ ರಕ್ತಕಣಗಳು ಅದನ್ನು ನೋಡಿ, ಇದು ನಮ್ಮನೆಯವರು, ಇದು ಹೊರಗಿನವರು ಎಂದು ತೀರ್ಮಾನಿಸುತ್ತವೆ. ಒಬ್ಬರ ಅಂಗ ಇನ್ನೊಬ್ಬರಿಗೆ ಹೊಂದುತ್ತದೋ ಇಲ್ಲವೋ ಎಂದು ನೋಡುವಾಗ ಮುಖ್ಯವಾಗಿ ಹೋಲಿಸುವುದು ಇದನ್ನೇ. ಹಾಗಾಗಿ ತಮ್ಮನ ಎರಡೂ ಕಿಡ್ನಿ ಕೈಕೊಟ್ಟಾಗ, ನಮ್ಮ ವಠಾರದಲ್ಲಿ ಈ ವಿಷಯ ನನ್ನಷ್ಟು ತಿಳಿದವರು ಯಾರೂ ಇಲ್ಲ ಎಂದು ನನಗೊಂದು ಜಂಬವಿತ್ತು. ಆ ಜಂಬದ ಕತೆಯೂ ಇದೇ.

ಅಕ್ಕ, ನಾನು ಇಬ್ಬರೂ ಪರೀಕ್ಷೆ ಮಾಡಿಸಿಕೊಂಡೆವು. ನನ್ನದು ಅರ್ಧ ಹೊಂದಿತು, ಜೊತೆಗೆ ಸಕ್ಕರೆಯ ಅಂಶ ಗಡಿಯಲ್ಲಿತ್ತು. ಅಕ್ಕನದು ಪೂರ್ತಿ ಹೊಂದಿತು. ಅಣ್ಣತಮ್ಮ ಅಕ್ಕತಂಗಿಯರಲ್ಲೂ ಹೀಗೆ ಎಲ್ಲರಿಗೂ ಆಗುವುದಿಲ್ಲ. ನಾನು ಆಸ್ಪತ್ರೆಯ ಕಾರಿಡಾರಿನಲ್ಲೇ ಅವಳಿಗೆ, "ನಿಮ್ಮಿಬ್ಬರ ಕೋಶದ ಬಾಗಿಲು ಒಂದೇ ಥರ ಇದೆ ಅಕ್ಕ, ಒಂಚೂರೂ ವ್ಯತ್ಯಾಸ ಇಲ್ಲ" ಎಂದು ಹೇಳಿದೆ. ಅವಳು ಆ ಮಾತನ್ನು ಚಿನ್ನದ ಸರದ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗಿದಳು. ಹಾಲಿನವನಿಗೂ ಹೇಳಿದಳು.

ಕೊಡುವ ಮುಂಚೆ ಆಸ್ಪತ್ರೆಯ ಸಮಿತಿಯವರು ಕ್ಯಾಮೆರಾ ಇಟ್ಟುಕೊಂಡು, ನಿಮ್ಮ ಮೇಲೆ ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳುತ್ತಾರೆ. ಅಕ್ಕ ಒಂದು ಕ್ಷಣ ಯೋಚಿಸಿ, "ಹೂಂ, ನಾನೇ ಅವನ ಮೇಲೆ ಮಾಡಿದೀನಿ. ಬೇಡ ಬೇಡ ಅಂತಿದ್ದ, ಬೈದು ಒಪ್ಪಿಸ್ದೆ" ಎಂದಳು. ಗಂಭೀರವಾಗಿ ಕೂತಿದ್ದವರೆಲ್ಲ ನಕ್ಕುಬಿಟ್ಟರು.

ಇಬ್ಬರನ್ನೂ ಒಂದೇ ಬೆಳಿಗ್ಗೆ, ಅಕ್ಕಪಕ್ಕದ ಥಿಯೇಟರಿಗೆ ಕರೆದುಕೊಂಡು ಹೋದರು. ಹಳೆಯ ಕಿಡ್ನಿಗಳನ್ನು ತೆಗೆಯುವುದಿಲ್ಲ, ಅವು ಬೆನ್ನಿನ ಕಡೆ ತಮ್ಮ ಪಾಡಿಗೆ ಇರುತ್ತವೆ. ಹೊಸದನ್ನು ಹೊಟ್ಟೆಯ ಕೆಳಭಾಗದಲ್ಲಿ, ಮುಂದುಗಡೆ ಕೂರಿಸಿ ಕಾಲಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಹೊಲಿಯುತ್ತಾರೆ. ಇದನ್ನು ನಾನು ವಿವರಿಸಿದಾಗ ಅಕ್ಕ, "ಹಂಗಾದ್ರೆ ಇನ್ಮೇಲೆ ಅವನಿಗೆ ಮೂರು, ನನಗೆ ಒಂದು. ಯಾವತ್ತೂ ಅವನಿಗೇ ಜಾಸ್ತಿ ಕಣೇ ಈ ಮನೇಲಿ" ಎಂದಿದ್ದಳು. ಮಂಪರು ಇಳಿದು ಎಚ್ಚರವಾದಾಗ ಅವಳು ಕೇಳಿದ ಮೊದಲ ಮಾತು, "ಬಂತಾ?" ಎಂದು. ಮೂತ್ರ ಬಂತಾ ಎಂದು ಅರ್ಥ. ಬಂದಿತ್ತು. ಹೊಲಿದು ರಕ್ತ ಬಿಟ್ಟ ಸ್ವಲ್ಪ ಹೊತ್ತಿಗೆ ಮೇಜಿನ ಮೇಲೇ ಬಂತು ಎಂದು ಸರ್ಜನ್ ಹೇಳಿದ್ದರು. ನಾನು ಹೇಳಿದ ಕೂಡಲೇ ಅವಳು ಕಣ್ಣುಮುಚ್ಚಿ ಮತ್ತೆ ನಿದ್ದೆ ಹೋದಳು.

ತಮ್ಮ ಮನೆಗೆ ಬಂದ ಮೇಲೆ ಎದುರುಮನೆಯವರು ಹೇಗಿದ್ದೀಯಪ್ಪ ಎಂದರೆ ಹೊಟ್ಟೆ ಸವರಿಕೊಂಡು, "ಸೆಕೆಂಡ್ ಹ್ಯಾಂಡ್ ಸಾರ್, ಆದ್ರೆ ಲೇಡಿ ಓನರ್, ಸಿಂಗಲ್ ಹ್ಯಾಂಡು. ಒಂದು ಸ್ಕ್ರ್ಯಾಚ್ ಇಲ್ಲ" ಎನ್ನುತ್ತಿದ್ದ. ಅಕ್ಕ ಬೆಳಿಗ್ಗೆ ಎದ್ದ ತಕ್ಷಣ, "ಹೆಂಗಿದೆಯೋ ನಂದು?" ಎಂದು ಕೇಳುವಳು. "ನಿಂದು ನಿನ್ನ ಥರಾನೇ ಅಕ್ಕ, ನಸುಕಿಗೇ ಎದ್ದು ಕೆಲಸ ಶುರು ಮಾಡ್ಕೊಳುತ್ತೆ" ಎನ್ನುವನು. ನಮ್ಮ ಮನೆಯಲ್ಲಿ ಅಷ್ಟು ನಗು ಅದಕ್ಕೂ ಮುಂಚೆ ಇರಲಿಲ್ಲ, ಆಮೇಲೂ ಇರಲಿಲ್ಲ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಅವರೆಕಾಯಿಯ ಕಾಲ. ಅಕ್ಕ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದಳು. ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದೆ.

"ಅದೇನೇ ಆ ಮಾತ್ರೆ, ಎರಡು ಹೊತ್ತೂ ಗಡಿಯಾರ ನೋಡ್ಕೊಂಡು ತಗೋಬೇಕು ಅನ್ನೋದು?"

"ರೋಗ ತಡೆಯೋ ಶಕ್ತಿ ಇರುತ್ತಲ್ಲಕ್ಕ ಮೈಯಲ್ಲಿ, ಅದನ್ನ ಕಮ್ಮಿ ಮಾಡೋ ಮಾತ್ರೆ. ಅದಕ್ಕೇ ನೆಗಡಿ ಕೆಮ್ಮು ಇರೋರನ್ನ ಹತ್ರ ಬಿಡ್ಬೇಡ. ನೀರು ಕುದಿಸಿ ಕೊಡು."

"ಶಕ್ತಿ ಕಮ್ಮಿ ಆದ್ರೆ ಹೆಂಗೇ ಮತ್ತೆ?"

"ಅದೆಲ್ಲ ಆಮೇಲೆ ಹೇಳ್ತೀನಿ. ನನಗೆ ಹೊತ್ತಾಯ್ತು."

ಹಿಂದಿನ ದಿನ ಲ್ಯಾಬಿನಲ್ಲಿ ಒಂದು ಹನಿಯೊಳಗೆ ಸೂಜಿಯಂಥದ್ದೇನೋ ಕಂಡಿತ್ತು. ಅದು ಹರಳೋ ಕಸವೋ ನೋಡುವ ಆತುರ ನನಗೆ. ಆ ಶಕ್ತಿ ಕಮ್ಮಿಯಾಗಿಯೇ ಇರಬೇಕು, ಅದು ಏರಿದರೆ ಕಾವಲಿನ ಕಣಗಳು ಎಚ್ಚೆತ್ತು ನಿನ್ನ ಕಿಡ್ನಿಯನ್ನೇ ಹೊರಗಿನದೆಂದು ಕಚ್ಚಲು ಬರುತ್ತವೆ, ಬಾಗಿಲು ಒಂದೇ ಥರ ಇದ್ದರೂ ಒಳಗಿನ ಚೂರುಪಾರು ಬೇರೆ ಇರುತ್ತದೆ, ಎಂದು ಹೇಳಲು ಎರಡು ನಿಮಿಷ ಸಾಕಾಗಿತ್ತು. ಹೇಳಲಿಲ್ಲ. ಅರ್ಧ ಮಾತು ಆಡಿ ಸ್ಕೂಟರ್ ಸ್ಟಾರ್ಟ್ ಮಾಡಿದೆ. ಉಳಿದರ್ಧ ಹೇಳುವ ಆ "ಆಮೇಲೆ" ಬರಲೇ ಇಲ್ಲ.

ಅಕ್ಕ ದಡ್ಡಿಯಲ್ಲ. ತಮ್ಮನ ಶಕ್ತಿ ಕಮ್ಮಿಯಾಗಿದೆ ಎಂದು ಲ್ಯಾಬಿನಲ್ಲಿ ಕೆಲಸ ಮಾಡುವ ತಂಗಿಯೇ ಹೇಳಿದ ಮೇಲೆ, ಅದನ್ನು ಹೆಚ್ಚಿಸಲು ಏನು ಮಾಡಬೇಕೆಂದು ಅವಳೇ ಯೋಚಿಸಿದಳು. ಕೊರೋನಾ ಕಾಲದಲ್ಲಿ ಇಡೀ ಬೀದಿ ಅಮೃತಬಳ್ಳಿಯ ಕಷಾಯ ಕುಡಿದಿತ್ತು. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಇರುವ ಅವಳ ಗೆಳತಿ ಆಗ ಕೊಟ್ಟ ಒಂದು ಗೇಣುದ್ದದ ಕಡ್ಡಿ ಮೀಟರ್ ಬೋರ್ಡಿನ ಪಕ್ಕ ಚಿಗುರಿ ನಿಂತಿತ್ತು. ಅಕ್ಕ ಅದರ ಕಾಂಡ ಜಜ್ಜಿ, ಮೆಣಸು ಜೀರಿಗೆ ಹಾಕಿ, ನಾಲ್ಕು ಲೋಟ ನೀರು ಮೂರು ಲೋಟಕ್ಕೆ ಇಳಿಯುವವರೆಗೆ ಕುದಿಸಿದಳು. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಮೂರು ಸ್ಟೀಲ್ ಲೋಟ. ಒಂದು ಅವನಿಗೆ, ಒಂದು ನನಗೆ, ಒಂದು ಅವಳಿಗೆ.

ನಾನೂ ಕುಡಿದೆ. ಇದನ್ನು ಎಷ್ಟು ಸಲ ಬರೆದು ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ಅವನ ಪಕ್ಕದಲ್ಲೇ ನಿಂತು, ಅದೇ ಕಷಾಯವನ್ನು, ವರ್ಷದ ಹತ್ತಿರ ಹತ್ತಿರ ಕುಡಿದೆ. ಮೊಬೈಲಿನಲ್ಲಿ ಬರುವ ಮನೆಮದ್ದುಗಳನ್ನು ನಂಬುವವರನ್ನು ಕಂಡರೆ ಉರಿದು ಬೀಳುತ್ತಿದ್ದವಳು ನಾನು. ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದವಳೂ ನಾನೇ. ಅದರಲ್ಲಿ ಹರ್ಬಲ್ ಔಷಧಿ ಬೇಡ ಎಂಬ ಒಂದು ಸಾಲು ಇತ್ತು. ನಮ್ಮ ಲೆಕ್ಕದಲ್ಲಿ ಹರ್ಬಲ್ ಎಂದರೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವುದು, ಔಷಧಿ ಎಂದರೆ ಚೀಟಿಯ ಮೇಲೆ ಬರೆದು ಕೊಡುವುದು. ಕಷಾಯ ಇವೆರಡೂ ಅಲ್ಲ. ಅದು ಸಾರು, ಮಜ್ಜಿಗೆಯ ಪೈಕಿ. ಮನೆಯಲ್ಲಿ ಮಾಡಿದ್ದನ್ನು ಯಾರೂ ಔಷಧಿ ಎನ್ನುವುದಿಲ್ಲ. ಆ ಹಾಳೆಯ ಮುಂದೆಯೇ ನಿಂತು ಲೋಟ ಎತ್ತುತ್ತಿದ್ದೆವು.

ಒಂದು ವರ್ಷ ಎಲ್ಲ ಸರಿಯಿತ್ತು. ಆಮೇಲೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಲು ಶುರುವಾಯಿತು. ಕಿಡ್ನಿ ಸೋಲುತ್ತಿದ್ದರೆ ಏರುವ ಅಂಶ ಅದು. ತಮ್ಮನ ಕಾಲು ಊದಿತು. ಆಸ್ಪತ್ರೆಗೆ ಸೇರಿಸಿ, ಸೂಜಿ ಹಾಕಿ ಕಿಡ್ನಿಯ ಒಂದು ಎಳೆ ತೆಗೆದು ನೋಡಿದರು. ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು, "ಬಾಡಿ ಕಿಡ್ನೀನ ರಿಜೆಕ್ಟ್ ಮಾಡ್ತಾ ಇದೆ. ಮಾತ್ರೆ ಯಾವತ್ತಾದ್ರೂ ತಪ್ಪಿತ್ತಾ?" ಎಂದು ತಮ್ಮನನ್ನು ಕೇಳಿದರು.

"ಒಂದು ಹೊತ್ತೂ ತಪ್ಪಿಲ್ಲ ಸಾರ್."

"ಬೇರೆ ಏನಾದ್ರೂ ತಗೊಂಡ್ರಾ? ನಾಟಿ ಔಷಧಿ, ಹರ್ಬಲ್ ಪೌಡರ್, ಆ ಥರದ್ದು?"

ಅಕ್ಕ ಅವನಿಗೆ ಬಾಯಿ ತೆಗೆಯಲೇ ಬಿಡಲಿಲ್ಲ. "ಅಯ್ಯೋ, ಅಂಥದ್ದೆಲ್ಲ ನಮ್ಮನೆಗೆ ಸೇರ್ಸಲ್ಲ ಡಾಕ್ಟ್ರೇ. ಇವಳೇ ಬಿಡಲ್ಲ," ಎಂದು ನನ್ನ ಕಡೆ ಕೈತೋರಿಸಿದಳು. ದೊಡ್ಡ ಓದು ಓದಿದ ತಂಗಿ ಎಂಬ ಹೆಮ್ಮೆ ಆ ಕೈಯಲ್ಲಿತ್ತು. ನಾನು ಹೌದೆಂದು ತಲೆಯಾಡಿಸಿದೆ. ತಮ್ಮ ನೆಲ ನೋಡುತ್ತಿದ್ದ. ಸ್ವಲ್ಪ ತಡವಾಗಿ, "ಇಲ್ಲ ಸಾರ್" ಎಂದ.

ಮೂರು ದಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಆಟೋದಲ್ಲಿ ಬರುವಾಗ ಅಕ್ಕ ರಸ್ತೆಯ ಕಡೆ ಮುಖ ಮಾಡಿಕೊಂಡು, "ವಯಸ್ಸಾಗಿರೋ ಕಿಡ್ನಿ ಕೊಟ್ಬಿಟ್ಟೆ ನನ್ನ ಮಗೂಗೆ," ಎಂದಳು. ಮಾರನೆಯ ದಿನದಿಂದ ಕಷಾಯ ಸಂಜೆಗೂ ಬಂತು. ಶಕ್ತಿ ತೀರಾ ಕಮ್ಮಿಯಾಗಿದೆಯಲ್ಲ, ಅದಕ್ಕೆ.

ನನಗೆ ಹೊಳೆದದ್ದು ಲ್ಯಾಬಿನಲ್ಲಿ. ನಾಲ್ಕೈದು ದಿನ ಕಳೆದಿತ್ತು. ನಮ್ಮ ಪ್ರೋಟೀನು ಕೋಶಗಳ ಮೈಮೇಲೆ ಕಡಿಮೆ ಇದ್ದರೆ, ಅವುಗಳನ್ನು ಬೆಳೆಸುವ ದ್ರವಕ್ಕೆ ಕೆರಳಿಸುವ ಒಂದು ಹನಿ ಹಾಕುತ್ತೇವೆ. ಮೈಯಲ್ಲಿ ಸೋಂಕು ಬಂದಾಗ ತಾನಾಗಿ ಹುಟ್ಟುವ ಎಚ್ಚರಿಕೆಯ ಸಂದೇಶ ಅದು. ಹಾಕಿದ ಮೇಲೆ ಕೋಶಗಳು ಆ ಪ್ರೋಟೀನನ್ನು ಮೈತುಂಬ ತೋರಿಸತೊಡಗುತ್ತವೆ. ವರ್ಷಗಟ್ಟಲೆ ಮಾಡಿದ ಕೆಲಸ. ಆ ದಿನ ನಮ್ಮ ಒಬ್ಬ ವಿದ್ಯಾರ್ಥಿನಿ ತೆಳುಗುಲಾಬಿ ದ್ರವಕ್ಕೆ ಅದನ್ನು ಬಿಡುತ್ತ, "ಮೇಡಂ, ದಿನಾ ಹಾಕಿದ್ರೆ ಏನಾಗುತ್ತೆ?" ಎಂದು ಕೇಳಿದಳು. ಕಾವಲಿನ ಕಣಗಳು ಪಕ್ಕದಲ್ಲೇ ಇದ್ದರೆ ಈ ಕೋಶಗಳನ್ನ ಬಿಡೋದಿಲ್ಲಮ್ಮ, ಎಂದು ಹೇಳಲು ಬಾಯಿ ತೆರೆದೆ. ಕಟ್ಟೆಯ ಮೇಲಿನ ಮೂರು ಲೋಟ ಕಣ್ಣಿಗೆ ಬಂದವು. ನಾವು ತಮ್ಮನ ಮೈಗೆ ದಿನಾ ಹಾಕುತ್ತಿದ್ದದ್ದೂ ಅಂಥದ್ದೇ ಕೆರಳಿಸುವ ಹನಿ.

ಕೈಗವಸು ಬಿಚ್ಚಿ ಸ್ಕೂಟರ್ ಹತ್ತಿದೆ. ನಾಗರಭಾವಿ ಸರ್ಕಲ್ಲಿನ ಸಿಗ್ನಲ್ ದಾಟಿದ್ದು ನೆನಪಿದೆ, ಚಂದ್ರಾ ಲೇಔಟಿನ ರಸ್ತೆ ನೆನಪಿಲ್ಲ. ಅಕ್ಕ ತರಕಾರಿಗೆ ಹೋಗಿದ್ದಳು. ತಮ್ಮ ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದ.

"ಕಷಾಯ ಎಷ್ಟು ದಿನದಿಂದ ಕುಡೀತಾ ಇದೀಯೋ ನೀನು?" ಎಂದೆ. ರೇಗಿಯೇ ಕೇಳಿದೆ. ಹೆದರಿದಾಗಲೂ ನನಗೆ ಬರುವುದು ರೇಗುವುದೊಂದೇ.

"ನೀನು ಎಷ್ಟು ದಿನದಿಂದ ಕುಡೀತಾ ಇದೀಯೋ, ಅಷ್ಟೇ ದಿನದಿಂದ ಚಿಕ್ಕಕ್ಕ."

ಅವನ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅದು ನಿನಗೆ ಆಗುವುದಿಲ್ಲ ಎಂದು ಹೇಳತೊಡಗಿದರೆ ಅವನೇ ತಡೆದ.

"ಗೊತ್ತಾಯ್ತು ಬಿಡು. ಡಾಕ್ಟ್ರು ಕೇಳ್ದಾಗ್ಲೇ ನನಗೆ ಸಡನ್ ಬ್ರೇಕ್ ಹೊಡ್ದಂಗಾಯ್ತು."

"ಮತ್ಯಾಕೋ ಇಲ್ಲ ಅಂದೆ ಮುಂಡೇದೇ?"

"ಅಕ್ಕ ಪಕ್ಕದಲ್ಲೇ ಕೂತಿದ್ಲು."

ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ ಎಲ್ಲ ಹೇಳಿದೆ. ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗುವುದಿಲ್ಲ, ಬೇರೆ ಕಾರಣಗಳೂ ಇರಬಹುದು, ಇದೇ ಇರಲಿಕ್ಕೂ ಸಾಕು, ಇವತ್ತಿನಿಂದಲೇ ನಿಲ್ಲಿಸಿ ಎಂದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಕೊನೆಗೆ, "ನೀವು ಇದೇ ಫೀಲ್ಡಲ್ಲಿ ಇರೋರು ಅಲ್ವಾ ಮೇಡಂ?" ಎಂದಷ್ಟೇ ಕೇಳಿದರು. ನಾನು ಹೌದು ಎಂದೆ.

ಫೋನ್ ಇಟ್ಟ ಮೇಲೆ ತಮ್ಮ ನನ್ನ ಕೈ ಹಿಡಿದುಕೊಂಡ. ಅವನ ಕೈ ಊದಿ ಮೆತ್ತಗಾಗಿತ್ತು. "ಅಕ್ಕಂಗೆ ಹೇಳ್ಬೇಡ."

"ಹೇಳ್ದಿದ್ರೆ ಅವಳು ನಿಲ್ಸಲ್ಲ ಕಣೋ."

"ಬೇಡ ಅಂದ್ರೆ ಯಾಕೆ ಅಂತಾಳೆ. ಯಾಕೆ ಅಂತ ಗೊತ್ತಾದ್ರೆ, ಇಷ್ಟು ದಿನ ಕುಡಿಸಿದ್ದು ನೆನಪಾಗುತ್ತೆ. ಅವಳು ಬದುಕಲ್ಲ ಚಿಕ್ಕಕ್ಕ. ನಾನು ಕುಡಿಯಲ್ಲ, ಅವಳು ಮಾಡ್ಕೊಡ್ಲಿ. ನನ್ನ ಮೇಲೆ ಆಣೆ ಇಡು."

ಅವನ ತಲೆ ಮುಟ್ಟಿ ಆಣೆ ಇಟ್ಟೆ. ವಿಜ್ಞಾನ ಓದಿದವಳು ಆಣೆ ಭಾಷೆ ಎಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ, ಅವತ್ತಿನಿಂದ ನಂಬುತ್ತೇನೆ.

ಅಂದಿನಿಂದ ಅವನು ದಿನಕ್ಕೆರಡು ಸಲ ಲೋಟ ಹಿಡಿದು ಹೊರಗೆ ಹೋಗುತ್ತಿದ್ದ. "ಬಿಸಿಲಲ್ಲಿ ಕೂತು ಕುಡೀತೀನಿ ಅಕ್ಕ" ಎನ್ನುವನು. ಮೀಟರ್ ಬೋರ್ಡಿನ ಮರೆಯಲ್ಲಿ, ಅದೇ ಬಳ್ಳಿಯ ಬುಡಕ್ಕೆ ಸುರಿದು, ಮುಂಗೈಯಿಂದ ಬಾಯಿ ಒರೆಸಿಕೊಂಡು ಒಳಗೆ ಬರುವನು. ಅಕ್ಕ ಅಡುಗೆಮನೆಯಿಂದ ಹೊರಟರೆ ನಾನು ಏನಾದರೂ ಕೇಳಿ ನಿಲ್ಲಿಸುತ್ತಿದ್ದೆ. ಖಾಲಿ ಲೋಟ ನೋಡಿದಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಸಮಾಧಾನವನ್ನು ನಾವಿಬ್ಬರೂ ನೋಡದ ಹಾಗೆ ನೋಡುತ್ತಿದ್ದೆವು. ಬಳ್ಳಿ ಆ ತಿಂಗಳುಗಳಲ್ಲಿ ಬಾಲ್ಕನಿ ಮುಟ್ಟಿತು.

ಕಿಡ್ನಿ ಮಾತ್ರ ಮತ್ತೆ ಮೇಲೇಳಲಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ರಾಜಾಜಿನಗರದ ಒಂದು ಸಣ್ಣ ಕೇಂದ್ರದಲ್ಲಿ ಅವನು ಯಂತ್ರಕ್ಕೆ ಕೈಕೊಟ್ಟು ನಾಲ್ಕು ಗಂಟೆ ಮಲಗಿರುತ್ತಿದ್ದ. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತು ಅವನ ಕಾಲು ಒತ್ತುವಳು. ಹೆಂಗಿದೆಯೋ ನಂದು ಎಂದು ಕೇಳುವುದನ್ನು ನಿಲ್ಲಿಸಿದ್ದಳು. ಆ ಪ್ರಶ್ನೆ ನಿಂತದ್ದಕ್ಕೆ ತಮ್ಮನಿಗೆ ಆದಷ್ಟು ದುಃಖ ಸೂಜಿಗಳಿಂದ ಆಗಲಿಲ್ಲ. ಒಂದು ದಿನ ಅವನೇ, "ಅಕ್ಕ, ನಿಂದು ಒಳಗೇ ಇದೆ. ನ್ಯೂಟ್ರಲ್ಲಲ್ಲಿ ನಿಂತಿದೆ ಅಷ್ಟೇ," ಎಂದ. ಅವಳು ಸೆರಗಿನಿಂದ ಅವನ ಪಾದ ಒರೆಸಿದಳು.

ಡಯಾಲಿಸಿಸ್ ಶುರುವಾದ ಎರಡನೇ ವರ್ಷದ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು, ಎದೆಗೆ ಇಳಿಯಿತು. ಐದೇ ದಿನ. ಕೊನೆಯ ಸಲ ನಾನು ಅವನನ್ನು ನೋಡಿದಾಗ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು. ನನ್ನನ್ನು ನೋಡಿ ಬೆರಳನ್ನು ಮಾಸ್ಕಿನ ಮೇಲಿಟ್ಟು, ತುಟಿಯ ಮೇಲೆ ಇಡುವ ಹಾಗೆ, ಸುಮ್ಮನಿರು ಎಂದು ತೋರಿಸಿದ. ನರ್ಸ್ ಅವನಿಗೆ ಮಾಸ್ಕ್ ತೊಂದರೆಯಾಗುತ್ತಿದೆ ಎಂದುಕೊಂಡು ಸರಿಮಾಡಿದಳು. ಅವತ್ತು ಮಧ್ಯಾಹ್ನ ಅವನು ಹೋದ.

ಅವನು ಹೋದ ಒಂದು ತಿಂಗಳಿಗೆ ಲ್ಯಾಬಿನಲ್ಲಿ ನಮ್ಮ ಪ್ರೋಟೀನಿನ ಆಕಾರ ಸಿಕ್ಕಿತು. ಆ ಸೂಜಿಯಂಥ ಹರಳಿನ ಸಂತತಿಯೇ ಕೊನೆಗೆ ಕೆಲಸಕ್ಕೆ ಬಂದದ್ದು. ನಮ್ಮ ಮುಖ್ಯಸ್ಥರು ಎಲ್ಲರಿಗೂ ಸಿಹಿ ಹಂಚಿದರು. ಪರದೆಯ ಮೇಲೆ ಎರಡು ಅಂಚು, ನಡುವೆ ತಗ್ಗು, ತಗ್ಗಿನಲ್ಲಿ ಒಂದು ಸಣ್ಣ ಚೂರು. ಎರಡು ಕೈ ಸೇರಿಸಿ ಬೊಗಸೆ ಹಿಡಿದ ಹಾಗೆ. ಹದಿನಾಲ್ಕು ವರ್ಷ ಕಾದದ್ದು ಇದಕ್ಕೇ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಎಲ್ಲರೂ ಸಂತೋಷಕ್ಕೆ ಅತ್ತಳು ಎಂದುಕೊಂಡರು.

ಆ ಚಿತ್ರದ ಒಂದು ಪ್ರತಿಯನ್ನು ಮನೆಗೆ ತಂದಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಇದೇನಾ ನನ್ನದೂ ಅವನದೂ ಒಂದೇ ಥರ ಇದೆ ಅಂದಿದ್ದೆಯಲ್ಲ, ಅದು?"

"ಇದೇ ಅಕ್ಕ."

"ಚೆನ್ನಾಗಿದೆ," ಎಂದು ಮಡಿಸಿ ಕೊಟ್ಟಳು. ಬೇರೇನೂ ಕೇಳಲಿಲ್ಲ. ಕೇಳದೆ ಬಿಟ್ಟದ್ದನ್ನು ಅವಳು ಪಿತೃಪಕ್ಷದ ತನಕ ಒಳಗೇ ಇಟ್ಟುಕೊಂಡಿದ್ದಳು.

ಪಿತೃಪಕ್ಷದ ಅಮಾವಾಸ್ಯೆಯ ದಿನ ನಮ್ಮಲ್ಲಿ ಹೋದವರಿಗೆ ಎಡೆ ಇಡುತ್ತೇವೆ. ಫೋಟೋದ ಮುಂದೆ ಬಾಳೆಯೆಲೆ ಹಾಕಿ, ಅವರು ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮರೆಮಾಡಿಕೊಂಡು ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಆ ಎಡೆಯನ್ನು ಮನೆಯವರು ಹಂಚಿಕೊಂಡು ತಿನ್ನಬೇಕು. ಅಕ್ಕ ಬೆಳಿಗ್ಗೆಯಿಂದ ಒಬ್ಬಳೇ ಅಡುಗೆ ಮಾಡಿದಳು. ಮಟನ್ ಸಾರು, ಮುದ್ದೆ, ಕಜ್ಜಾಯ, ಅವನು ಪಾಠದ ನಡುವೆ ಜಗಿಯುತ್ತಿದ್ದ ಶುಂಠಿ ಪೆಪ್ಪರಮೆಂಟು. ಎಲ್ಲ ಬಡಿಸಿಯಾದ ಮೇಲೆ ಮತ್ತೆ ಒಳಗೆ ಹೋಗಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಸ್ಟೀಲ್ ಲೋಟ ತಂದಳು. ಎಲೆಯ ಬಲಗಡೆ ಇಟ್ಟಳು. ಹಬೆಯ ವಾಸನೆಯಿಂದಲೇ ನನಗೆ ಗೊತ್ತಾಯಿತು.

"ಇದನ್ನ ಯಾಕಕ್ಕ?" ಎಂದೆ.

"ಯಾಕೆ ಅಂದ್ರೆ? ಒಂದು ದಿನ ಬೇಡ ಅಂದಿಲ್ಲ ನನ್ನ ಮಗು. ಡಯಾಲಿಸಿಸ್ ಇದ್ದ ದಿನಾನೂ ಕುಡ್ದ." ಅವಳು ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದಳು. "ನನ್ನ ಕಿಡ್ನಿ ಅವನಿಗೆ ಒಗ್ಗಲಿಲ್ಲ. ಇದಾದ್ರೂ ಒಗ್ಗಿತ್ತು."

ಅವಳು ತನ್ನ ಕಿಡ್ನಿಯನ್ನು ಬೈದುಕೊಳ್ಳುವುದನ್ನು ಎರಡು ವರ್ಷದಿಂದ ಕೇಳಿದ್ದೆ. ಅವತ್ತು ತಡೆಯಲಾಗಲಿಲ್ಲ. "ನಿನ್ನ ಕಿಡ್ನಿಗೆ ಏನೂ ಆಗಿರಲಿಲ್ಲ ಅಕ್ಕ. ಚಿನ್ನದಂಥ ಕಿಡ್ನಿ ಅದು. ಅವನ ಮೈ ಒಪ್ಪಲಿಲ್ಲ, ಅಷ್ಟೇ."

ಆಡಿದ ಮೇಲೆ ತಿಳಿಯಿತು, ಏನು ಆಡಿದೆನೆಂದು. ಅಕ್ಕ ನನ್ನ ಕಡೆ ತಿರುಗಿದಳು.

"ನನ್ನನ್ನ ಅವನ ಮೈ ಒಪ್ಪಲಿಲ್ವೇನೇ?"

ಉತ್ತರ ನನ್ನ ನಾಲಿಗೆಯ ಮೇಲಿತ್ತು. ಒಪ್ಪಿತ್ತು ಅಕ್ಕ, ಪೂರ್ತಿ ಒಪ್ಪಿತ್ತು, ಒಂದು ವರ್ಷ ನಿನ್ನ ಹಾಗೇ ನಸುಕಿಗೆ ಎದ್ದು ಕೆಲಸ ಮಾಡಿತ್ತು. ಅಷ್ಟು ಹೇಳಿದರೆ ಮತ್ಯಾಕೆ ನಿಂತಿತು ಎನ್ನುತ್ತಾಳೆ, ಕಿಡ್ನಿ ಉಳಿಯುತ್ತದೆ, ಲೋಟ ಉಳಿಯುವುದಿಲ್ಲ. ಲೋಟ ಹೋದರೆ ಅಕ್ಕನೂ ಹೋಗುತ್ತಾಳೆ ಎಂದು ಅವನು ಹೇಳಿದ್ದ. ಫೋಟೋದಲ್ಲಿ ಅವನು ಡ್ರೈವಿಂಗ್ ಸ್ಕೂಲಿನ ಕಾರಿಗೆ ಒರಗಿ ನಗುತ್ತಿದ್ದ. ತಪ್ಪು ಅವಳದಲ್ಲ, ಅರ್ಧ ಮಾತು ಹೇಳಿ ಹೆಲ್ಮೆಟ್ ಹಾಕಿಕೊಂಡು ಹೋದ ನನ್ನದು. ಅದನ್ನು ಹೇಳಿದರೂ ಕೊನೆಗೆ ಲೋಟದ ಹತ್ತಿರವೇ ಬಂದು ನಿಲ್ಲುತ್ತದೆ.

"ಗೊತ್ತಿಲ್ಲ ಅಕ್ಕ," ಎಂದೆ. "ನಮಗೆ ಅದೆಲ್ಲ ಇನ್ನೂ ಸರಿಯಾಗಿ ಗೊತ್ತಾಗಿಲ್ಲ."

ಬಾಗಿಲು ಮರೆಮಾಡಿ ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ, ಬಳ್ಳಿಯ ನೆರಳಲ್ಲಿ ಕೂತೆವು. ಅವನು ಉಣ್ಣುವಷ್ಟು ಹೊತ್ತು ಕಾದು ಒಳಗೆ ಹೋದೆವು. ಅಕ್ಕ ಎಲೆಯಲ್ಲಿದ್ದುದನ್ನು ಎರಡು ಪಾಲು ಮಾಡಿದಳು. ಆಮೇಲೆ ಲೋಟ ಎತ್ತಿ ನನ್ನ ಕೈಗೆ ಕೊಟ್ಟಳು.

"ಪೂರ್ತಿ ಕುಡಿ. ಮುಖ ಸಿಂಡರಿಸ್ಬೇಡ ಕಣೇ. ಅವನು ಒಂದು ದಿನಾನೂ ಸಿಂಡರಿಸಿದೋನಲ್ಲ."

ಆರಿ ತಣ್ಣಗಾಗಿತ್ತು, ಇನ್ನಷ್ಟು ಕಹಿಯಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಳದ ಗಸಿಯವರೆಗೂ ಕುಡಿದೆ, ಮುಖ ಸಿಂಡರಿಸಲಿಲ್ಲ.